ನಾರು ಸೋಸಿ ಕುಡಿಯಿರಿ

ಕುಬ್ರಾಬೇಗಂ ಅವರ ಬಗ್ಗೆ ಬರೆಯಿರಿ ಎಂದು ನನ್ನನ್ನು ಯಾರೂ ಕೇಳಿಲ್ಲ. ಕೇಳೋರಾದರೂ ಯಾರು? ಆಕೆಯನ್ನು ಕಂಡ ಆ ಕಾಲದ ದೊಡ್ಡವರಲ್ಲಿ ಉಳಿದವನು ನಾನೊಬ್ಬ, ಇನ್ನು ಹಲ್ಲಿಲ್ಲದ ಮೂರು ನಾಲ್ಕು ಮುದುಕಿಯರು. ಅವರು ಬರೆಯೋದಿಲ್ಲ. ಹಾಗಾಗಿ ನಾನೇ ಬರೆಯಬೇಕು. ಬರೆಯದೆ ಇರೋಣ ಎಂದು ಮೂವತ್ತು ವರ್ಷ ಸುಮ್ಮನಿದ್ದೆ, ಆಗಲಿಲ್ಲ.

ಮೊದಲು ನನ್ನ ಮಾತು ಮುಗಿಸಿಬಿಡುತ್ತೇನೆ. ನನ್ನ ಹೆಸರು ಶಾಂತಪ್ಪ. ಹೆಸರಿಗಷ್ಟೇ ಶಾಂತಪ್ಪ, ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಹೆಂಡತಿ ಸಾಯುವ ತನಕ ಹೇಳುತ್ತಿದ್ದಳು. ನಾನು ಹೊಳೆಯಾಚೆಯವನು, ಮುದ್ದೇಬಿಹಾಳದ ಕಡೆಯವನು. ೧೯೫೨ರಲ್ಲಿ ಕೃಷ್ಣೆ ದಾಟಿ ಶಹಾಪುರ ತಾಲೂಕಿಗೆ ಮಾಸ್ತರಿಕೆಗೆ ಬಂದೆ. ನಿಜಾಮನ ಆಳ್ವಿಕೆ ಮುಗಿದು ನಾಲ್ಕು ವರ್ಷವಾಗಿತ್ತು. ಹರಿದು ಹಂಚಿಹೋದ ಕನ್ನಡ ಸೀಮೆಗಳೆಲ್ಲ ಒಂದಾಗಬೇಕು ಎಂದು ಎಲ್ಲರೂ ಕೂಗುತ್ತಿದ್ದ ಕಾಲ ಅದು. ನಾನಂತೂ ಗಂಟಲು ಹರಿಯುವಂತೆ ಕೂಗಿದವನು. ಇಪ್ಪತ್ತಾರು ವರ್ಷ ವಯಸ್ಸು, ಖಾದಿ ಜುಬ್ಬಾ, ತಲೆಯ ತುಂಬ ವ್ಯಾಕರಣ. ನಿಜಾಮನ ಸೀಮೆಯ ಈ ಮೊಗಲಾಯಿ ಜನಕ್ಕೆ ಕನ್ನಡ ಕಲಿಸಲು ದೇವರೇ ನನ್ನನ್ನು ಕಳಿಸಿದ್ದಾನೆ ಎಂದು ತಿಳಿದಿದ್ದೆ. ನನ್ನನ್ನು ಕತ್ತೆ ಎಂದರೆ ಕತ್ತೆಗೆ ಬೇಜಾರಾದೀತು.

ಊರಿನ ಹೆಸರು ಹೇಳೋದಿಲ್ಲ. ಶಹಾಪುರದಿಂದ ಶಿರವಾಳಕ್ಕೆ ಹೋಗುವ ದಾರಿಯಲ್ಲಿ ಎಡಕ್ಕೆ ಹೊರಳಿದರೆ ಸಿಗುತ್ತದೆ, ಅಷ್ಟು ಸಾಕು. ಗಂಡುಹುಡುಗರ ಶಾಲೆ ಊರ ನಡುವೆ, ಅದಕ್ಕೆ ನಾನು ಹೆಡ್ ಮಾಸ್ತರ. ಹೆಣ್ಣುಮಕ್ಕಳ ಶಾಲೆ ಊರ ಅಂಚಿಗೆ, ಮೆಟ್ಟಿಲಿಳಿದು ನೀರು ತುಂಬುವ ಪಾವಟಿಗೆ ಬಾವಿಯ ಹತ್ತಿರ. ಅಲ್ಲಿ ಒಂದೇ ಕೋಣೆಯಲ್ಲಿ ಹದಿನೆಂಟು ಹುಡುಗಿಯರಿಗೆ ಕಲಿಸುತ್ತಿದ್ದವರು ಕುಬ್ರಾಬೇಗಂ. ಕಲಿಸುವ ಹೆಂಗಸಿಗೆ ಆ ಸೀಮೆಯಲ್ಲಿ ಉಸ್ತಾನಿ ಎನ್ನುತ್ತಿದ್ದರು. ಊರವರ ಬಾಯಲ್ಲಿ ಆಕೆ ಉಸ್ತಾನಿಬಿ. ಶಾಲೆಯ ಗೋಡೆಗೆ ಅಂಟಿಕೊಂಡೇ ಒಂದು ಪಡಸಾಲೆ, ಒಂದು ಕೋಣೆ. ಅದೇ ಆಕೆಯ ಮನೆ.

ನಾನು ನೋಡುವಾಗ ಆಕೆಗೆ ನಲವತ್ತರ ಆಸುಪಾಸು. ಗಂಡ ಸುಲ್ತಾನಸಾಬ ತಹಶೀಲ ಕಚೇರಿಯಲ್ಲಿ ಜವಾನನಾಗಿದ್ದವನು, ಕಾಲರಾದಲ್ಲಿ ಹೋದ. ಮಕ್ಕಳಿಲ್ಲ. ಊರಲ್ಲಿ ಮೊದಲು ನಾಲ್ಕು ಮುಸಲ್ಮಾನರ ಮನೆಗಳಿದ್ದವಂತೆ. ೧೯೪೮ರ ಗಲಾಟೆಯಲ್ಲಿ ಮೊದಲು ರಜಾಕಾರರು ಸುತ್ತಲಿನ ಹಳ್ಳಿಗಳಲ್ಲಿ ಮಾಡಬಾರದ್ದು ಮಾಡಿದರು. ಅವರು ಹೋದಮೇಲೆ ಅದರ ಸಿಟ್ಟು ಏನೂ ಮಾಡದವರ ಮೇಲೆ ತೀರಿತು. ಮೂರು ಮನೆ ಖಾಲಿಯಾದವು. ಆಕೆಯ ಅಣ್ಣ ನಸೀರುದ್ದೀನ ಹೆಂಡತಿ ಮಕ್ಕಳನ್ನು ಕರೆದುಕೊಂಡು ಕರಾಚಿಗೆ ಹೊರಟಾಗ ತಂಗಿಯನ್ನೂ ಕರೆದ. "ಹದಿನೆಂಟು ಹುಡುಗ್ಯಾರನ್ನ ಯಾರ ಕೈಯಾಗ ಕೊಟ್ಟು ಬರ್ಲಿ?" ಎಂದು ಆಕೆ ಉಳಿದುಬಿಟ್ಟರು. ಅಣ್ಣನ ಕಾಗದ ಮೊದಮೊದಲು ಬಂದವು, ಆಮೇಲೆ ಅವೂ ನಿಂತವು.

ಆಕೆಯ ಮನೆಮಾತು ದಖನಿ. ಅದನ್ನು ಆಡುವುದಕ್ಕೆ ಊರಲ್ಲಿ ಒಬ್ಬರೂ ಉಳಿದಿರಲಿಲ್ಲ. ಒಮ್ಮೆ ನನ್ನೆದುರು ನಕ್ಕು ಹೇಳಿದ್ದರು: "ನಮ್ಮ ಮಾತು ಆಡಿ ಆರು ತಿಂಗಳಾತ್ರಿ ಮಾಸ್ತರ. ನಾಲಗಿಗಿ ತುಕ್ಕು ಹಿಡ್ದದ. ಆಡಿನ ಮುಂದ ಮಾತಾಡ್ತೀನಿ, ಅದು ಹ್ಞೂಂ ಅಂತದ." ಆಡು ಕಟ್ಟಿದ್ದು ಹಾಲಿಗೆ ಎಂದು ನಾನು ತಿಳಿದಿದ್ದೆ.

ಇನ್ನು ಆಕೆಯ ಕನ್ನಡ. ಮಾತಿಗೆ ಕೂತರೆ ನಾಲ್ಕು ಜನ ಗೌಡತಿಯರನ್ನು ಸೋಲಿಸುವಷ್ಟು ಕನ್ನಡ. ಗಾದೆ, ಬೈಗುಳ, ಬೀಸುವ ಹಾಡು ಎಲ್ಲ ಬಾಯಲ್ಲಿ. ಆದರೆ ಓದಿ ಬರೆಯಲು ಒಂದಕ್ಷರ ಬಾರದು. ಆಕೆ ಕಲಿತದ್ದೂ ಕಲಿಸಿದ್ದೂ ಉರ್ದು. ಈಗ ಶಾಲೆಗಳೆಲ್ಲ ಕನ್ನಡವಾದವು, ಮೇಲಿನಿಂದ ಹುಕುಂ ಬಂತು: ಉರ್ದು ಕಲಿಸುತ್ತಿದ್ದವರು ೧೯೫೫ರ ಮಾರ್ಚ್ ಒಳಗೆ ಕನ್ನಡ ಬರೆಯಲು ಕಲಿಯಬೇಕು, ಕಲಿತಿದ್ದಾರೆ ಎಂದು ಅದೇ ಊರಿನ ಕನ್ನಡ ಹೆಡ್ ಮಾಸ್ತರ ಬರೆದು ಸಹಿ ಮಾಡಿಕೊಡಬೇಕು. ಇಲ್ಲವಾದರೆ ನೌಕರಿ ಇಲ್ಲ. ನೌಕರಿ ಇಲ್ಲದಿದ್ದರೆ ಆ ಪಡಸಾಲೆಯೂ ಇಲ್ಲ, ಕೋಣೆಯೂ ಇಲ್ಲ. ಆ ಹೆಡ್ ಮಾಸ್ತರ ನಾನು.

ವಾರಕ್ಕೆ ಮೂರು ಸಂಜೆ ಆಕೆಯ ಪಡಸಾಲೆಯಲ್ಲಿ ಪಾಠ ಶುರುವಾಯಿತು. ನಾನು ಕಟ್ಟೆಯ ಮೇಲೆ, ಆಕೆ ಒಳಗೆ ಚಾಪೆಯ ಮೇಲೆ, ಮಡಿಲಲ್ಲಿ ಪಾಟಿ. ಹದಿನೈದು ವರ್ಷ ಮಕ್ಕಳ ಕೈ ಹಿಡಿದು ತಿದ್ದಿಸಿದಾಕೆ ಈಗ ತಾನು ತಿದ್ದಬೇಕು. ಮೊದಲ ವಾರ ಪಾಟಿಯ ಬಲಗಡೆಯಿಂದಲೇ ಬರೆಯಲು ಹೋಗುತ್ತಿದ್ದರು. ಅದು ಹೇಗೋ ಹೋಯಿತು. ಆದರೆ ಇಕಾರದ ಗುಡಿಸು, ಆಕಾರದ ಇಳಿ, ಉಕಾರದ ಕೊಂಬು ಬಂದಾಗ ನನ್ನ ಜೀವ ತಿಂದರು. ಕುರಿ ಬರೆಯಿರಿ ಎಂದರೆ 'ಕರ' ಎಂದು ಬರೆದು ಸುಮ್ಮನೆ ಕೂರುವುದು.

"ಇದು ಕುರಿ ಹೆಂಗಾತ್ರಿ? ಗುಡಿಸು ಎಲ್ಲಿ? ಕೊಂಬು ಎಲ್ಲಿ?" ಎಂದು ನಾನು ರೇಗುವುದು.

"ನಮ್ಮ ಉರ್ದುದಾಗ ಅವೆಲ್ಲಾ ಬರ್ಯಂಗಿಲ್ರಿ ಮಾಸ್ತರ. ಓದವನಿಗಿ ಅಕಲ್ ಇದ್ರ ತಾನೇ ಹಚ್ಕೊಂಡು ಓದ್ತಾನ."

"ಕನ್ನಡದಾಗ ಓದವನ ಅಕಲ್ ಮ್ಯಾಲ ಬಿಡಂಗಿಲ್ಲ, ಬರಿಯವನೇ ಹಚ್ಚಬೇಕು."

"ಹೌದಾ? ಹಂಗಾರ ಕನ್ನಡದವ್ರಿಗಿ ಯಾರ ಮ್ಯಾಲೂ ನಂಬಿಗಿ ಇಲ್ಲನ್ರಿ," ಎಂದು ಹಲ್ಲು ಕಚ್ಚಿ ನಗು ತಡೆದು ಮತ್ತೆ ಪಾಟಿ ಒರೆಸುವುದು. ನನಗೆ ನಗು ಬರುತ್ತಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ಮನಸ್ಸಿನಲ್ಲೇ ಅನ್ನುತ್ತಿದ್ದೆ.

೧೯೫೩ರ ದೀಪಾವಳಿ ಮುಗಿದಮೇಲೆ ಊರಿಗೆ ಒಬ್ಬ ಬಿಳಿ ಹೆಂಗಸು ಬಂದಳು. ಡೆನ್ಮಾರ್ಕ್ ಎಂಬ ದೇಶದ ನರ್ಸು. ಅಲ್ಲಿ ಯಾವುದೋ ಶಾಂತಿಸಂಘವಂತೆ. ಎರಡನೆಯ ಮಹಾಲಡಾಯಿ ಮುಗಿದಮೇಲೆ ಬೇರೆ ಬೇರೆ ದೇಶಗಳಿಗೆ ಸೇವೆಗೆಂದು ಜನರನ್ನು ಕಳಿಸುತ್ತಿದ್ದರು. ಬಿಟ್ಟಿ ಕೆಲಸ. ಒಂದು ವರ್ಷ ಚಿಲ್ಲರೆ ಅವಧಿ. ಬೆಳಿಗ್ಗೆ ರೋಗಿಗಳನ್ನು ನೋಡಬೇಕು, ಮಧ್ಯಾಹ್ನ ಹೆಣ್ಣುಮಕ್ಕಳ ಶಾಲೆಯಲ್ಲಿ ಆರೋಗ್ಯದ ಪಾಠ ಮಾಡಬೇಕು. ಹೆಸರು ಕಿರ್ಸ್ಟನ್. ಊರವರು ಎರಡೇ ದಿನದಲ್ಲಿ ಅದನ್ನು ಕಿಷ್ಟಮ್ಮ ಮಾಡಿದರು. ಮೂವತ್ತು ದಾಟದ ಹೆಣ್ಣು, ಎತ್ತರದ ಆಳು, ಬಿಸಿಲಿಗೆ ಮುಖವೆಲ್ಲ ಮೆಣಸಿನಕಾಯಿ.

ಆಕೆಯನ್ನು ಇರಿಸಿಕೊಳ್ಳುವವರು ಯಾರು? ಗೌಡರ ಮನೆಯಲ್ಲಿ ಮಡಿ ಮೈಲಿಗೆ. ಕಿರಾಣಿ ಅಂಗಡಿ ಸೂಗಪ್ಪನ ಮನೆಯಲ್ಲಿ, "ಮ್ಯಾಡಮ್ಮ ಏನ್ ತಿಂತಾಳೋ ಏನೋ" ಎಂಬ ಅನುಮಾನ. ಕುಬ್ರಾಬೇಗಂ ಪಡಸಾಲೆಯ ಅರ್ಧಕ್ಕೆ ಹಳೆಯ ಸೀರೆಯ ಪರದೆ ಕಟ್ಟಿ, "ಬಾರವ್ವ, ನಾನೂ ಒಬ್ಬಾಕೇ ಅದೀನಿ" ಎಂದು ಕರೆದುಕೊಂಡರು.

ಕಿಷ್ಟಮ್ಮ ಬಂದದ್ದು ನಾರುಹುಣ್ಣಿಗಾಗಿ. ಈಗಿನವರಿಗೆ ಗೊತ್ತಿಲ್ಲ, ಗೊತ್ತಿಲ್ಲದಿರುವುದೇ ಪುಣ್ಯ. ಕಾಲಿನಲ್ಲಿ ಬೊಬ್ಬೆ ಎದ್ದು ಒಡೆದು, ಅದರೊಳಗಿಂದ ಸೇವಿಗೆಯ ಎಳೆಯಂಥ ಬಿಳಿ ಹುಳ ಹೊರಬರುತ್ತದೆ. ಮೊಳದುದ್ದ, ಕೆಲವೊಮ್ಮೆ ಎರಡು ಮೊಳ. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಬೆರಳುದ್ದ ಎಳೆಯಬೇಕು. ನಡುವೆ ಕಡಿದರೆ ಕಾಲು ಬಾತು ಮನುಷ್ಯ ತಿಂಗಳುಗಟ್ಟಲೆ ಮೇಲೇಳುವುದಿಲ್ಲ. ಬೇಸಿಗೆ ಬಂತೆಂದರೆ ಮನೆಗೊಬ್ಬರು ಕಾಲಿಗೆ ಕಡ್ಡಿ ಕಟ್ಟಿಕೊಂಡು ಮಲಗಿರುವವರೇ. ಹುಳದ ಬೀಜ ಇರುವುದು ಪಾವಟಿಗೆ ಬಾವಿಯ ನೀರಿನಲ್ಲಿ. ಹುಣ್ಣಿನ ಕಾಲಿನವರು ಮೆಟ್ಟಿಲಿಳಿದು ನೀರಿಗೆ ಕಾಲಿಡುತ್ತಾರೆ, ಉಳಿದವರು ಅದನ್ನೇ ಕುಡಿಯುತ್ತಾರೆ. ಬಟ್ಟೆಯನ್ನು ಎರಡು ಮಡಿ ಮಾಡಿ ನೀರು ಸೋಸಿ ಕುಡಿದರೆ ಸಾಕು. ಇಷ್ಟು ಹೇಳಲು ಆಕೆ ಏಳು ಸಮುದ್ರ ದಾಟಿ ಬಂದಿದ್ದಳು.

ಯಾರು ಕೇಳಬೇಕು? ಆಕೆ ಕನ್ನಡ ಕಲಿತದ್ದು ಪುಸ್ತಕದಿಂದ. ಬಾವಿಯ ಮೆಟ್ಟಿಲ ಮೇಲೆ ನಿಂತು, "ತಾವು ದಯಮಾಡಿ ನೀರನ್ನು ಸೋಸಿರಿ. ನೀರಿನ ಒಳಗೆ ರೋಗವು ಇರುತ್ತದೆ" ಎನ್ನುವಳು. ಹೆಂಗಸರು ಕೊಡ ಕೆಳಗಿಟ್ಟು ಬಾಯಿಗೆ ಸೆರಗು ಹಚ್ಚಿಕೊಂಡು ನಗುವರು. ಹಣಮಂತಮ್ಮ ಎಂಬ ಕುರುಬರ ಹೆಂಗಸು, ಆಕೆಯ ಕಾಲಲ್ಲೇ ಎರಡು ನಾರು, ಒಂದು ದಿನ ಬಾಯಿಬಿಟ್ಟೇ ಹೇಳಿದಳು: "ಏ ಕಿಷ್ಟಮ್ಮ, ನಾರು ಅಂದ್ರ ಮೈಯಾಗಿನ ನರಾ. ಉಷ್ಣಕ್ಕ ಕೊಳತು ಹೊರಗ ಬರ್ತದ. ನೀರಾಗ ಎಲ್ಲಿಂದ ಬರ್ತದ? ನೀರು ಗಂಗವ್ವ! ಗಂಗವ್ವನ್ನ ಸೋಸ್ತಾರೇನು?" ಅಲ್ಲಿಗೆ ಮುಗಿಯಿತು. ಎಂಟು ತಿಂಗಳು ಆಕೆ ಹೇಳಿದಳು, ಎಂಟು ತಿಂಗಳು ಇವರು ನಕ್ಕರು.

ಸಂಜೆ ನನ್ನ ಪಾಠಕ್ಕೆ ಈಗ ಇಬ್ಬರು. ಕಿಷ್ಟಮ್ಮನ ಅಕ್ಷರ ದುಂಡಗೆ, ಅಚ್ಚು ಹಾಕಿದ ಹಾಗೆ. ಮಾತು ಮಾತ್ರ ಕಲ್ಲು ಅಗಿದ ಹಾಗೆ. ಉಸ್ತಾನಿಬಿಯದು ಅದರ ತಿರುವು. ಒಬ್ಬರ ಪಾಟಿಯನ್ನು ಒಬ್ಬರು ನೋಡಿ ನಗುವರು. ಒಂದು ದಿನ ನಾನು ಹೇಳಿದ್ದಕ್ಕಿಂತ ಮೊದಲೇ ಹೋದೆ. ಇಬ್ಬರೂ ಗೋಡೆಗೆ ಆತು ಕಾಲು ಚಾಚಿ ಕೂತಿದ್ದರು. ಕಿಷ್ಟಮ್ಮ ತನ್ನ ಭಾಷೆಯಲ್ಲಿ ಏನೋ ಉದ್ದಕ್ಕೆ ಹೇಳುತ್ತಿದ್ದಳು, ಕಣ್ಣಲ್ಲಿ ನೀರು. ಈಕೆ ದಖನಿಯಲ್ಲಿ ಅದಕ್ಕೆ ಉತ್ತರ ಕೊಡುತ್ತಿದ್ದರು. ಅವಳ ಭಾಷೆ ಇವರಿಗೆ ಬಾರದು, ಇವರದು ಅವಳಿಗೆ ಬಾರದು. ಆದರೂ ಒಬ್ಬರು ನಿಲ್ಲಿಸಿದ ಮೇಲೆಯೇ ಇನ್ನೊಬ್ಬರು ಶುರು ಮಾಡುತ್ತಿದ್ದರು. ನಾನು ಕೆಮ್ಮಿದೆ. ಇಬ್ಬರೂ ಪಾಟಿ ತೆಗೆದುಕೊಂಡರು. ಆವತ್ತು ಅದನ್ನು ಸೂಗಪ್ಪನ ಅಂಗಡಿಯಲ್ಲಿ ಹೇಳಿ ನಗಿಸಿದೆ. ಅಯ್ಯೋ, ಏನು ನಗುವ ವಿಷಯ ಅದು!

ನಾನು ಒಂಟಿ ಇರಲಿಲ್ಲವೇ? ಇದ್ದೆ. ಮದುವೆಯಾಗಿರಲಿಲ್ಲ. ಸೂಗಪ್ಪನ ಮನೆಯಲ್ಲಿ ಊಟ, ಶಾಲೆಯ ಜಗುಲಿಯಲ್ಲಿ ನಿದ್ದೆ. ಆದರೆ ಹೊಟ್ಟೆಯ ತುಂಬ ಅಹಂಕಾರ ಇದ್ದವನಿಗೆ ಒಂಟಿತನ ಗೊತ್ತಾಗುವುದಿಲ್ಲ.

೧೯೫೪ರ ಶ್ರಾವಣದಲ್ಲಿ, ಒಂದು ಸೋಮವಾರ ಬೆಳಿಗ್ಗೆ, ಬಾವಿಯ ಕಡೆಯಿಂದ ಗದ್ದಲ ಕೇಳಿತು. ಹೋಗಿ ನೋಡಿದರೆ ಅರ್ಧ ಊರು ಅಲ್ಲೇ ಇದೆ. ಬಾವಿಯ ಬಾಯಲ್ಲಿರುವ ಬೇವಿನ ಮರಕ್ಕೆ ಸೀಮೆಎಣ್ಣೆ ಡಬ್ಬಿ ಕತ್ತರಿಸಿ ಹಿಗ್ಗಿಸಿದ ಒಂದು ತಗಡು ಬಡಿದಿದ್ದಾರೆ. ಅದರ ಮೇಲೆ ಬಿಳಿ ಬಣ್ಣದಲ್ಲಿ ದೊಡ್ಡ ಅಕ್ಷರಗಳು. ಓದು ಬಲ್ಲ ಸೂಗಪ್ಪ ಕಟ್ಟೆ ಹತ್ತಿ, ಪುರಾಣ ಓದುವ ರಾಗದಲ್ಲಿ ಮತ್ತೆ ಮತ್ತೆ ಓದುತ್ತಿದ್ದಾನೆ:

"ನಾ-ರು ಸೋ-ಸಿ ಕುಡಿಯಿರಿ! ಕೇಳಿದಿರೇನಪಾ, ನೀರಲ್ಲ, ನಾರು! ನಾರನ್ನ ಸೋಸಿ ಸೋಸಿ ಕುಡೀಬೇಕಂತ! ಉಸ್ತಾನಿಬಿ ನಮಗ ಸೇವಿಗಿ ಪಾಯಸಾ ಮಾಡ್ಯಾಳ!"

ಹೆಂಗಸರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅಲ್ಲೇ ಕಿಷ್ಟಮ್ಮ ನಿಂತಿದ್ದಳು. ಅಷ್ಟು ಬಿರುಸಿನ ಮಾತು ಆಕೆಗೆ ತಿಳಿಯದು. ಜನ ಸೇರಿದ್ದು ನೋಡಿ ಮುಖವರಳಿಸಿ, ಎಲ್ಲರ ಜೊತೆ ತಾನೂ ನಗುತ್ತಿದ್ದಳು. ಆಕೆಯ ಪಕ್ಕ ಕುಬ್ರಾಬೇಗಂ, ಮುಖ ಬಿಳಿಚಿತ್ತು.

ನನಗೆ ಮೈಯೆಲ್ಲ ಉರಿದುಹೋಯಿತು. ಎರಡು ವರ್ಷ ಕಲಿಸಿದ ಕನ್ನಡ ಇದು! ಊರ ಬಾವಿಗೆ ನನ್ನ ಮಾನ ನೇತುಹಾಕಿದ ಹಾಗಾಯಿತು. "ಯಾರು ಬರದದ್ದು ಇದನ್ನ?" ಎಂದು ಕೂಗಿದೆ.

"ನಾ ಬರ್ದೀನ್ರಿ," ಎಂದರು ಕುಬ್ರಾಬೇಗಂ, ಕಿಷ್ಟಮ್ಮನನ್ನು ಮನೆಯ ಕಡೆಗೆ ಕಳಿಸಿ ಬಂದು.

"ಗುಡಿಸು ಹಾಕೋದು ಬಿಟ್ಟು ಇಳಿ ಹಾಕೀರಲ್ಲ! ನೀರಿಗೂ ನಾರಿಗೂ ಫರಕ ತಿಳೀಲಿಲ್ಲೇನು ನಿಮಗ?"

"ತಪ್ಪಾತ್ರಿ ಮಾಸ್ತರ."

ಆ ತಗಡನ್ನು ಕಿತ್ತು ಬಿಸಾಡಲು ಕೈ ಹಾಕಿದೆ. ಹಣಮಂತಮ್ಮ ಅಡ್ಡ ಬಂದಳು. "ಇರ್ಲಿ ಬಿಡ್ರಿ ಮಾಸ್ತರ. ನೀರಿಗಿ ಬಂದಾಗ ನಾಕು ಮಂದಿ ನಗಲಿ. ನಿಮ್ಮಪ್ಪನ ಗಂಟೇನು ಹೋಗ್ತದ?" ತಗಡು ಅಲ್ಲೇ ಉಳಿಯಿತು.

ಆಮೇಲೆ ನಡೆದದ್ದನ್ನು ನಾನು ಕಣ್ಣಾರೆ ನೋಡಿಯೂ ನೋಡಲಿಲ್ಲ. ಅದು ಊರಿನ ನಗೆಮಾತಾಯಿತು. ಯಾರಾದರೂ ನೀರು ಕೇಳಿದರೆ, "ನಾರು ಸೋಸಿ ಕೊಡ್ಲೇನು?" ಎನ್ನುವರು. ಗಂಡ ಹೊಲದಿಂದ ಬಂದರೆ ಹೆಂಡತಿ ಚೊಂಬಿನ ಬಾಯಿಗೆ ಸೆರಗು ಹಿಡಿದು, "ತಡೀರಿ, ನಾರು ಐತೇನು ನೋಡ್ತೀನಿ" ಎನ್ನುವಳು. ತಮಾಷೆಗೆ ಸೋಸಿದರು, ತಮಾಷೆಗೆ ಬಟ್ಟೆ ನೋಡಿದರು. ಬಟ್ಟೆಯ ಮೇಲೆ ಎಂಥದೋ ಸಣ್ಣ ಸಣ್ಣ ಚುಕ್ಕಿ ಮಿಸುಕುತ್ತಿತ್ತು. ಆಗ ಕಿಷ್ಟಮ್ಮನನ್ನು ತಾವಾಗೇ ಕರೆದು ಕೇಳಿದರು, "ಇದೇನವ್ವ ಇದು?" ಆಕೆ ಪುಸ್ತಕದ ಕನ್ನಡದಲ್ಲಿ ಹೇಳಿದಳು. ಈ ಸಲ ಕುಬ್ರಾಬೇಗಂ ಪಕ್ಕದಲ್ಲಿ ನಿಂತು ಅದನ್ನು ಊರ ಮಾತಿಗೆ ತಿರುಗಿಸಿದರು. ದೀಪಾವಳಿಯ ಹೊತ್ತಿಗೆ ಕೊಡದ ಬಾಯಿಗೆ ಬಟ್ಟೆಯಿಲ್ಲದ ಮನೆ ಊರಲ್ಲಿ ಕಡಿಮೆ. ಆ ಹುಡುಗಿ ಎಂಟು ತಿಂಗಳು ಹೇಳಿ ಆಗದ ಕೆಲಸ ಒಂದು ಕಾಗುಣಿತದ ತಪ್ಪಿನಿಂದ ಆಯಿತು.

ನಾನು ಮಾತ್ರ ಮುನಿಸಿಕೊಂಡು ಪಾಠ ನಿಲ್ಲಿಸಿಬಿಟ್ಟೆ. "ಇನ್ನ ನೀವೇ ಓದ್ಕೊಳ್ರಿ, ನನಗ ಕೆಲಸ ಐತಿ" ಎಂದೆ. ಕುಬ್ರಾಬೇಗಂ ಎರಡು ಸಲ ಹುಡುಗಿಯರ ಕೈಯಲ್ಲಿ ಪಾಟಿ ಕಳಿಸಿದರು, ಬರೆದದ್ದನ್ನು ನೋಡಿಕೊಡಿ ಎಂದು. ನಾನು ನೋಡದೆ ವಾಪಸು ಕಳಿಸಿದೆ.

ಜನವರಿಯಲ್ಲಿ ಕಿಷ್ಟಮ್ಮನ ಅವಧಿ ಮುಗಿಯಿತು. ಯಾದಗಿರಿ ಸ್ಟೇಶನ್ನಿಗೆ ಬಿಡಲು ಕುಬ್ರಾಬೇಗಂ ಒಬ್ಬರೇ ಹೋದರು. ಹೋಗುವಾಗ ಬಂಡಿ, ಆಮೇಲೆ ಬಸ್ಸು. ಮರುದಿನ ಮಧ್ಯಾಹ್ನ ಬಂದು ಶಾಲೆಯ ಬಾಗಿಲು ತೆರೆದರು. ಆ ಪರದೆಯ ಸೀರೆಯನ್ನು ಆಕೆ ಬಿಚ್ಚಲಿಲ್ಲ. ಅರ್ಧ ಪಡಸಾಲೆ ಪರದೆಯ ಆಚೆ ಖಾಲಿ ಬಿದ್ದಿರುತ್ತಿತ್ತು, ಈಕೆ ಮೊದಲಿನಂತೆ ಈಚೆಯ ಅರ್ಧದಲ್ಲೇ ಇರುತ್ತಿದ್ದರು. ಆಡಿನ ಜೊತೆ ಮಾತಾಡುವುದು ಮಾತ್ರ ಮತ್ತೆ ಕೇಳಿಸಲಿಲ್ಲ.

ಮಾರ್ಚಿನಲ್ಲಿ ತಪಾಸಣೆಗೆ ಇನ್‌ಸ್ಪೆಕ್ಟರ್ ಸಾಹೇಬರು ಬಂದರು. ದೊಡ್ಡ ಮನುಷ್ಯರು, ಬಿಸಿಲಿಗೆ ಬೆವತು ನನ್ನ ಶಾಲೆಯ ಕುರ್ಚಿಯಲ್ಲಿ ಕೂತಿದ್ದರು. ಸೂಗಪ್ಪನ ಮನೆಯಿಂದ ಶೇಂಗಾದ ಹೋಳಿಗೆ ತರಿಸಿದ್ದೆ. ಕಾಗದಗಳನ್ನು ತಿರುವುತ್ತ, "ಹೆಣ್ಣುಮಕ್ಕಳ ಶಾಲಿ ಉಸ್ತಾನಿಗಿ ಕನ್ನಡ ಬರಿಲಿಕ್ಕೆ ಬರ್ತದೇನ್ರಿ?" ಎಂದು ಕೇಳಿದರು. ಬರುತ್ತದೆ ಎಂದಿದ್ದರೆ ಮುಗಿದಿತ್ತು. ಗೊತ್ತಿಲ್ಲ, ಕರೆದು ನೋಡಿ ಎಂದಿದ್ದರೂ ಆಗುತ್ತಿತ್ತು. ಆಕೆ ಇದ್ದದ್ದು ಕೂಗಳತೆಯ ದೂರದಲ್ಲಿ.

ನಾನು ಬೋರ್ಡಿನ ಕಥೆ ಹೇಳಿದೆ. ಸೂಗಪ್ಪನ ರಾಗ ಹಾಕಿ, ಕೈಬಾಯಿ ತಿರುಗಿಸಿ ಹೇಳಿದೆ. ಸಾಹೇಬರು ಹೋಳಿಗೆ ಗಂಟಲಿಗೆ ಸಿಗುವಷ್ಟು ನಕ್ಕರು. ಅವರು ನಕ್ಕದ್ದಕ್ಕೆ ನನಗೆ ಎಷ್ಟು ಹಿಗ್ಗು! ಕಣ್ಣೊರೆಸಿಕೊಂಡು, "ಹಂಗಾರ ಅದನ್ನೇ ಬರದು ಕೊಡ್ರಿ" ಎಂದರು. ಬರೆದುಕೊಟ್ಟೆ: 'ಸದರಿಯವರು ನೀರು ಎಂಬುದನ್ನು ನಾರು ಎಂದು ಬರೆಯುತ್ತಾರೆ.' ಕೆಳಗೆ ನನ್ನ ಸಹಿ. ಆಕೆಯ ಮೇಲಿನ ದ್ವೇಷಕ್ಕಲ್ಲ, ನಾನು ದ್ವೇಷದ ಮನುಷ್ಯನಲ್ಲ. ಒಬ್ಬ ಅಧಿಕಾರಿಯನ್ನು ನಗಿಸುವುದಕ್ಕೆ.

ಏಪ್ರಿಲ್ ಕೊನೆಗೆ ಹುಕುಂ ಬಂತು. ನನ್ನ ಆ ವಾಕ್ಯವನ್ನು ಹಾಗೇ ಎತ್ತಿ ಬರೆದಿದ್ದರು. ಅದನ್ನು ಆಕೆಗೆ ಮುಟ್ಟಿಸಬೇಕಾದವನೂ ನಾನೇ. ಆಕೆ ಕಾಗದ ಇಸಿದುಕೊಂಡು ನಿಂತಲ್ಲೇ ನೋಡಿದರು. ಓದಿ ಹೇಳಲೇನು ಎಂದೆ. "ಬ್ಯಾಡ್ರಿ" ಎಂದರು. ಮೂರು ದಿನದಲ್ಲಿ ಹೊರಟರು. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಆಡು. ಹುಡುಗಿಯರು ಹಳ್ಳದ ತನಕ ಅತ್ತುಕೊಂಡು ಹೋದರು. ಹಣಮಂತಮ್ಮ ನನ್ನ ಶಾಲೆಯ ಮುಂದೆ ನಿಂತು, ಯಾರಿಗೋ ಅನ್ನುವ ಹಾಗೆ, ನನ್ನ ಏಳು ತಲೆಮಾರಿಗೆ ಸಾಕಾಗುವಷ್ಟು ಬೈದು ಹೋದಳು.

ಆಮೇಲಿನ ಬೇಸಿಗೆಗೆ, ಅಂದರೆ ೧೯೫೬ಕ್ಕೆ, ಊರಲ್ಲಿ ಕಾಲಿಗೆ ಕಡ್ಡಿ ಕಟ್ಟಿಕೊಂಡವರು ಐದೋ ಆರೋ ಜನ. ನವೆಂಬರಿನಲ್ಲಿ ಕನ್ನಡ ಸೀಮೆಗಳು ಒಂದಾದವು. ಶಾಲೆಯ ಮುಂದೆ ಕಂಬ ನೆಟ್ಟು, ತೋರಣ ಕಟ್ಟಿ, ನಾನು ಒಂದು ತಾಸು ಭಾಷಣ ಮಾಡಿದೆ. ಎಲ್ಲರೂ ಕೂಡಿದೆವು, ಇನ್ನು ಯಾರೂ ಬೇರೆಯವರಿಲ್ಲ ಎಂದೆ. ಜನ ಚಪ್ಪಾಳೆ ತಟ್ಟಿದರು.

ಮರುವರ್ಷ ಮಳೆಗಾಲದಲ್ಲಿ ಅಂಚೆಯ ಅಂಬ್ರಪ್ಪ ಒಂದು ಲಕೋಟೆ ತಂದುಕೊಟ್ಟ. ಪರದೇಶದ ಅಂಚೆಚೀಟಿ ಅಂಟಿಸಿದ್ದು. ಮೇಲೆ ಕನ್ನಡದಲ್ಲಿ ಕುಬ್ರಾಬೇಗಂ ಅವರ ಹೆಸರು, ಹೆಣ್ಣುಮಕ್ಕಳ ಶಾಲೆ. ಆ ಶಾಲೆ ಈಗ ನನ್ನ ಶಾಲೆಯಲ್ಲೇ ಸೇರಿತ್ತು. ಒಡೆಯಬಾರದಿತ್ತು, ಒಡೆದೆ.

ದುಂಡಗಿನ ಅಕ್ಷರಗಳು. 'ಪ್ರೀತಿಯ ಅಕ್ಕ, ನನ್ನ ತಾಯಿ ತೀರಿಕೊಂಡರು. ನಾನು ಒಬ್ಬಳೇ ಇದ್ದೇನೆ. ಇಲ್ಲಿ ಕನ್ನಡ ಬರೆಯುವವರು ಇಲ್ಲ, ಆದ್ದರಿಂದ ಮರೆಯುತ್ತಿದ್ದೇನೆ. ನಾನು ಬಾವಿಯ ಮರಕ್ಕೆ ಬರೆದು ಹಾಕಿದ ಬೋರ್ಡು ಇನ್ನೂ ಇದೆಯೇ? ನೀನು ಏಳುವ ಮೊದಲು ಎದ್ದು ಬರೆದೆ, ನಿನಗೆ ಸಂತೋಷವಾಗಲಿ ಎಂದು. ಎಲ್ಲವೂ ಸರಿಯಾಗಿದೆ, ಅದಕ್ಕೇ ಜನ ಖುಷಿಯಾಗಿದ್ದಾರೆ ಎಂದು ನೀನು ಹೇಳಿದೆ. ನನ್ನ ಜೀವನದಲ್ಲಿ ನಾನು ಒಂದು ಒಳ್ಳೆಯ ಕೆಲಸ ಮಾಡಿದ್ದೇನೆ ಎಂದರೆ ಅದು ಆ ಬೋರ್ಡು.'

ಕಾಗದ ಹಿಡಿದುಕೊಂಡೇ ಬಾವಿಯ ಮರದ ತನಕ ಹೋದೆ. ಆ ತಗಡಿನ ಮೇಲಿನ ಅಕ್ಷರ ದುಂಡಗಿದ್ದವು! ಮೂರು ವರ್ಷ ದಿನಾ ಅದರ ಮುಂದೆ ಓಡಾಡಿದ್ದೇನೆ. ತಿಂಗಳುಗಟ್ಟಲೆ ಆ ಇಬ್ಬರ ಪಾಟಿ ತಿದ್ದಿದ್ದೇನೆ. ಯಾರ ಕೈಬರಹ ಯಾವುದು ಎಂದು ಹುಟ್ಟುಕುರುಡನೂ ಹೇಳುತ್ತಿದ್ದ. ಸಿಟ್ಟು ನೆತ್ತಿಗೇರಿದವನಿಗೆ ಅಷ್ಟು ಕಣ್ಣೂ ಇರಲಿಲ್ಲ.

ಮರುದಿನವೇ ಶಹಾಪುರಕ್ಕೆ ಹೋದೆ. ಹುಡುಕಿದೆ. ದರ್ಜಿ ಫಕೀರಸಾಬನ ಅಂಗಡಿಯ ಹಿಂದೆ ಒಂದು ಸಣ್ಣ ಕೋಣೆಯಲ್ಲಿ ಆಕೆ ಅಂಗಿಗಳಿಗೆ ಗುಂಡಿಯ ಕಾಜಾ ಹೊಲಿಯುತ್ತಿದ್ದರು. ಕೂದಲು ಬಿಳಿಯಾಗಿತ್ತು. ನನ್ನನ್ನು ನೋಡಿ ಸೂಜಿ ಕೆಳಗಿಡಲಿಲ್ಲ.

"ಬರ್ರಿ ಮಾಸ್ತರ. ಕುಂದರ್ರಿ."

ಕುಂದರಲಿಲ್ಲ. ಲಕೋಟೆ ಕೊಟ್ಟೆ. ಆಕೆ ಕಾಗದ ಬಿಡಿಸಿ ಬಾಗಿಲ ಬೆಳಕಿಗೆ ಹಿಡಿದು ಓದಿದರು. ಗಟ್ಟಿಯಾಗಿ, ಒಂದೂ ಅಕ್ಷರಕ್ಕೆ ತಡವರಿಸದೆ, ಮಕ್ಕಳಿಗೆ ಪಾಠ ಓದಿ ಹೇಳುವಂತೆ ಓದಿದರು. 'ನಾನು ಒಬ್ಬಳೇ ಇದ್ದೇನೆ' ಎಂಬಲ್ಲಿ ಮಾತ್ರ ನಿಲ್ಲಿಸಿ, ಮತ್ತೊಮ್ಮೆ ಮನಸ್ಸಿನಲ್ಲಿ ಓದಿಕೊಂಡರು. ನಾನು ಬಾಗಿಲಲ್ಲಿ ನಿಂತೇ ಇದ್ದೆ.

"ಯಾಕ ಹೇಳ್ಲಿಲ್ರಿ ನೀವು? ಆವತ್ತು ಒಂದು ಮಾತು ಹೇಳಿದ್ರ..."

"ಏನಂತ ಹೇಳ್ಲಿ? ಮೆಹಮಾನ ಆಕಿ. ಮನಿಗಿ ಬಂದಾಕಿ ತಪ್ಪು ಮನಿಯವ್ರದು. ಎಂಟು ತಿಂಗಳು ಮಂದಿ ನಕ್ಕಿದ್ರು ಆಕಿನ್ನ ನೋಡಿ. ದಿನಾ ಸಂಜಿಕ ಅಳ್ತಿದ್ಳು. ಈ ತಪ್ಪೂ ತನ್ನದೇ ಅಂತ ತಿಳಿದಿದ್ರ ಮರುದಿನಾ ಗಾಡಿ ಹತ್ತತಿದ್ಳು. ನಂಗ ನಗಲಿ ಬಿಡು, ನಾನು ಊರಾಕಿ ಅಂದ್ಕೊಂಡೆ." ಸೂಜಿಗೆ ದಾರ ಪೋಣಿಸಿ ಮುಂದುವರಿಸಿದರು. "ನೀವು ಅಷ್ಟಕ್ಕ ನೌಕರಿ ತೆಗೀತೀರಿ ಅಂತ ತಿಳಿದಿರಲಿಲ್ಲ. ತಿಳಿದಿದ್ರ ಹೇಳ್ತಿದ್ನೋ ಏನೋ. ನಿಮ್ಮ ಮ್ಯಾಲ ಸಿಟ್ಟಿಲ್ಲ ಅನ್ನಂಗಿಲ್ರಿ. ಅದ. ಭಾಳ ಅದ."

"ಈಗ ಮ್ಯಾಲಿನವ್ರಿಗೆ ಬರೀತೀನಿ. ನಂದೇ ತಪ್ಪು ಅಂತ..."

"ಬರೀರಿ," ಎಂದರು. ಬರೆದೆ ಕೂಡ, ಒಂದಲ್ಲ ನಾಲ್ಕು ಅರ್ಜಿ. ಸೀಮೆ ಬದಲಾಗಿತ್ತು, ಕಚೇರಿ ಬದಲಾಗಿತ್ತು. ಆಕೆಯ ವಯಸ್ಸು ಮೀರಿದೆ ಎಂದು ಒಂದು ಸಾಲಿನ ಉತ್ತರ ಬಂತು. ಆ ಕಾಜಾದ ಕೋಣೆಯಲ್ಲೇ ಹದಿನಾಲ್ಕು ವರ್ಷ ಇದ್ದು ಆಕೆ ತೀರಿಕೊಂಡರು. ಆದರೆ ಅದು ಆಮೇಲಿನ ಮಾತು.

ಆವತ್ತು ಆಕೆ ಫಕೀರಸಾಬನಿಂದ ಒಂದು ಹಾಳೆ ಇಸಿದುಕೊಂಡು, ಹೊಲಿಗೆಯ ಹಲಗೆಯ ಮೇಲಿಟ್ಟು ಅಲ್ಲೇ ಉತ್ತರ ಬರೆದರು. ಎಡದಿಂದ ಬಲಕ್ಕೆ, ಸಾವಕಾಶವಾಗಿ, ಪ್ರತಿಯೊಂದು ಗುಡಿಸಿಗೂ ಕೊಂಬಿಗೂ ಲೇಖನಿ ಎತ್ತಿ ನೋಡಿ ಬರೆದರು. ಮುಗಿಸಿ ನನ್ನ ಕೈಗೆ ಕೊಟ್ಟರು. "ಆಕಿಗಿ ಏನೂ ತಿಳಿಸಬ್ಯಾಡ್ರಿ. ಇದನ್ನ ಅಂಚಿಗಿ ಹಾಕ್ರಿ. ಅದಕ್ಕಿಂತ ಮೊದ್ಲು ತಪ್ಪು ಏನರ ಅದ ಏನು ನೋಡ್ರಿ."

ಓದಿದೆ. 'ಪ್ರೀತಿಯ ಕಿಷ್ಟಮ್ಮ, ನಿನ್ನ ಬೋರ್ಡು ಬಾವಿಯ ಮರದಲ್ಲೇ ಇದೆ. ಅದರಲ್ಲಿ ಒಂದು ತಪ್ಪೂ ಇಲ್ಲ. ಜನ ಅದನ್ನು ನೋಡಿ ನೀರು ಸೋಸಿ ಕುಡಿಯುತ್ತಾರೆ. ಊರಲ್ಲಿ ನಾರು ಕಡಿಮೆಯಾಗಿದೆ. ನಾನು ಮಕ್ಕಳ ಜೊತೆ ಸುಖವಾಗಿದ್ದೇನೆ. ನೀನು ಅಳಬೇಡ.'

ಎರಡನೆಯ ಸಲ ಓದಿದೆ, ಮೂರನೆಯ ಸಲ ಓದಿದೆ. ತಪ್ಪು ಹುಡುಕುವುದರಲ್ಲಿ ನನ್ನಂಥವನು ಇನ್ನೊಬ್ಬನಿಲ್ಲ.

"ತಪ್ಪಿಲ್ರಿ," ಎಂದೆ.

ಆಕೆ ಹಲ್ಲಿನಿಂದ ದಾರ ಕತ್ತರಿಸಿ, ಮುಂದಿನ ಅಂಗಿಯನ್ನು ಮೊಣಕಾಲ ಮೇಲೆ ಎಳೆದುಕೊಂಡರು. ಮುಖ ಎತ್ತಲಿಲ್ಲ.

"ಹಂಗಾರ ನಾ ಪಾಸೇನ್ರಿ ಮಾಸ್ತರ?"